ಭಾವನ ಕಾರಿನ ಮಸಿ

ಭಾವನ ಕಾರಿನಲ್ಲಿ ಸ್ಟೀರಿಂಗಿನ ಹಿಂದೆ ಹಳದಿ ದೀಪವೊಂದು ಹತ್ತಿಕೊಂಡಿದ್ದು ಸೋಮವಾರ ಬೆಳಿಗ್ಗೆ. ಭಾವ ಬರುವುದೂ ಸೋಮವಾರವೇ, ಮಧ್ಯಾಹ್ನದ ರೈಲಿಗೆ.

ಶಾಂತರಾಜನಿಗೆ ಹೊಸನಗರದಲ್ಲಿ ಸ್ಟೇಷನರಿ ಅಂಗಡಿ. ಹೆಂಡತಿಯ ಅಣ್ಣ ವಿಮಲ್ ಕೆಲವು ತಿಂಗಳ ಹಿಂದೆ ತನ್ನ ಡೀಸೆಲ್ ಕಾರನ್ನು ಇವನ ಕೈಗೆ ಕೊಟ್ಟು ಹೋಗಿದ್ದ. "ಚೆನ್ನಾಗಿ ನೋಡ್ಕೊಂಡಿದ್ರೆ ಕಾರು ನಿಮಗೇ ಇರ್ಲಿ, ನಾನು ಬೇರೆ ತಗೋತೀನಿ. ಬಂದು ನೋಡಿ ಹೇಳ್ತೀನಿ" ಎಂದಿದ್ದ. ನೋಡಿ ಹೇಳುವುದಕ್ಕೆ ಕಾರಣವಿತ್ತು. ಭಾವ ಹಿಂದೆ ಕೊಟ್ಟಿದ್ದ ಕ್ಯಾಮೆರಾ, ಮಿಕ್ಸಿ, ಗೋಡೆ ಗಡಿಯಾರ ಯಾವುದೂ ಶಾಂತರಾಜನ ಕೈಯಲ್ಲಿ ಬಾಳಿರಲಿಲ್ಲ. "ಈ ಸಲ ಹಂಗಾಗಲ್ಲ ಅಣ್ಣ" ಎಂದು ಹೆಂಡತಿ ಜಿನಶ್ರೀ ಮಾತು ಕೊಟ್ಟಿದ್ದಳು.

ಗ್ಯಾರೇಜಿನ ಶ್ರೀಕೃಷ್ಣ ದೀಪವನ್ನು ನೋಡಿದ.

"ಇದರ ಸೈಲೆನ್ಸರ್ ಕಡೆ ಒಂದು ಫಿಲ್ಟರ್ ಇದೆ. ಹೊಗೆಯ ಮಸಿ ಹೊರಗೆ ಹೋಗ್ದಂಗೆ ಹಿಡ್ಕೊಳ್ಳುತ್ತೆ. ಅದು ಈಗ ತುಂಬಿದೆ. ಕಾರು ಎಲ್ಲೆಲ್ಲಿ ಓಡ್ಸಿದ್ರಿ?"

"ಮನೆಯಿಂದ ಅಂಗಡಿ. ಅಂಗಡಿಯಿಂದ ಮನೆ."

"ಅದೇ ಮತ್ತೆ! ಎಂಜಿನ್ ಕಾಯೋ ಹೊತ್ತಿಗೆ ನೀವು ಇಳ್ದಿರ್ತೀರಿ. ಚೆನ್ನಾಗಿ ಕಾದ್ರೆ ಮಸಿ ತಾನೇ ಸುಟ್ಟುಹೋಗುತ್ತೆ. ಅರವತ್ತರ ಸ್ಪೀಡಲ್ಲಿ ಅರ್ಧ ಗಂಟೆ ಓಡ್ಸಿ, ದೀಪ ಆರುತ್ತೆ. ಮಧ್ಯ ನಿಲ್ಲಿಸ್ಬೇಡಿ. ನಿಲ್ಲಿಸಿದ್ರೆ ಮತ್ತೆ ಮೊದಲಿಂದ."

ಸುಲಭವೆನಿಸಿತು. ಸಾಗರಕ್ಕೆ ಹೊರಟರೆ ದಾರಿಯಲ್ಲೇ ದೀಪ ಆರುತ್ತದೆ, ಸ್ಟೇಷನ್ನಿನಲ್ಲಿ ಭಾವನನ್ನೂ ಹತ್ತಿಸಿಕೊಳ್ಳಬಹುದು. ಆದರೆ ಹೊಸನಗರದಲ್ಲಿ ಒಬ್ಬ ಸಾಗರಕ್ಕೆ ಹೊರಡುತ್ತಾನೆಂದರೆ ಅದು ಅವನೊಬ್ಬನ ವಿಷಯವಲ್ಲ. ಶಾಂತರಾಜ ಗೇಟು ತೆಗೆಯುವುದರೊಳಗೆ ಪಕ್ಕದ ಮನೆಯ ವಿಶಾಲಮ್ಮ ಹಿಂದಿನ ಸೀಟಿನಲ್ಲೂ, ನಿವೃತ್ತ ಪೋಸ್ಟ್ ಮಾಸ್ಟರ್ ಸೀತಾರಾಮಪ್ಪ ಮುಂದಿನ ಸೀಟಿನಲ್ಲೂ ಕೂತಾಗಿತ್ತು.

"ನಾನು ಎಲ್ಲೂ ನಿಲ್ಲಿಸೋ ಹಂಗಿಲ್ಲ. ಈ ದೀಪ ಆರ್ಬೇಕು" ಎಂದ ಶಾಂತರಾಜ.

"ನಿಲ್ಸಿ ಅಂದೋರು ಯಾರು ಮಾರಾಯ್ರೆ?" ಎಂದರು ಸೀತಾರಾಮಪ್ಪ.

ಊರು ದಾಟಿ ಎಂಜಿನ್ನು ಬಿಸಿಯಾಗುತ್ತಿದ್ದಂತೆ ವಿಶಾಲಮ್ಮ, "ಒಂಚೂರು ನಿಲ್ಸಿ, ಬಾಳೆಎಲೆ ತಗೊಂಡ್ಬಿಡ್ತೀನಿ" ಎಂದರು. ಶಾಂತರಾಜ ನಿಲ್ಲಿಸಿದ. ಬಾಳೆಎಲೆ ಬಂತು, ಎಲೆಯವಳ ಮಗಳ ಬಾಣಂತನದ ಸುದ್ದಿ ಬಂತು, ಎಂಜಿನ್ನು ತಣ್ಣಗಾಯಿತು. ದೀಪ ಹಾಗೇ ಇತ್ತು.

ಈಗ ಶಾಂತರಾಜ ಹಲ್ಲು ಕಚ್ಚಿ ಹೊರಟ. ಇಪ್ಪತ್ತು ನಿಮಿಷ ಯಾರೂ ಅಡ್ಡ ಬರಲಿಲ್ಲ. ಆಗ ಸೀತಾರಾಮಪ್ಪ ಬ್ಯಾಗು ಹೆಗಲಿಗೆ ಹಾಕಿಕೊಂಡರು.

"ಅಗಾ, ಆ ತಿರುವಲ್ಲಿ ಇಳಿಸ್ಬಿಡಿ. ಚಿಕ್ಕಪ್ಪನ ಮಗ ಕೃಷ್ಣಕುಮಾರ್ ಕಾಯ್ತಾ ನಿಂತಿದಾನೆ."

"ವಾಪಸ್ ಬರುವಾಗ ಇಳಿಸ್ತೀನಿ."

"ವಾಪಸ್ ಬರುವಾಗಾ? ಊಟಕ್ಕೆ ಕರ್ದಿದಾನ್ರೀ!"

ಕೃಷ್ಣಕುಮಾರ್ ಗೇಟಿನ ಬಳಿ ಕೈಯೆತ್ತಿ ನಿಂತಿದ್ದ. ಅಣ್ಣ ಕಿಟಕಿಯಿಂದ ಎರಡೂ ಕೈ ಬೀಸುತ್ತ ತನ್ನೆದುರಿಗೇ ಹಾರಿಹೋದದ್ದನ್ನು ನೋಡಿದ. ಈ ಕಡೆ ಕೈಯೆತ್ತಿದವರನ್ನು ಕಂಡೂ ಕಾರು ನಿಲ್ಲಿಸದವರಿಲ್ಲ. ಜಾಗವಿಲ್ಲದಿದ್ದರೂ ನಿಲ್ಲಿಸಿ, ಜಾಗವಿಲ್ಲ ಎಂದು ಹೇಳಿಯೇ ಹೋಗುವುದು ರೂಢಿ. ಹಾಗಾಗಿ ಕೃಷ್ಣಕುಮಾರನಿಗೆ ಅನುಮಾನವೇ ಬರಲಿಲ್ಲ. ಬ್ರೇಕ್ ಫೇಲಾಗಿದೆ! ಅವನು ಮುಂದಿನ ಊರುಗಳಿಗೆಲ್ಲ ಫೋನು ಮಾಡಿದ.

ಶಾಂತರಾಜನಿಗೆ ಮುಂದಿನ ದಾರಿ ನೋಡಿ ಆಶ್ಚರ್ಯವಾಯಿತು. ರಸ್ತೆಯ ನಡುವೆ ಮಲಗುವ ದನಗಳೆಲ್ಲ ಬೇಲಿಯೊಳಗಿದ್ದವು. ಲಾರಿಗಳು ಪಕ್ಕಕ್ಕೆ ಸರಿದು ನಿಂತಿದ್ದವು. ಜನ ಜಗಲಿಯ ಮೇಲಿಂದ, "ಹೋಗಿ, ಹೋಗಿ, ದಾರಿ ಬಿಟ್ಟಿದೀವಿ!" ಎಂದು ಕೂಗುತ್ತಿದ್ದರು. ಎಷ್ಟು ಒಳ್ಳೆಯ ಜನ ಎಂದು ಅವನ ಕಣ್ಣು ತುಂಬಿತು.

ಅಷ್ಟರಲ್ಲಿ ಸೀತಾರಾಮಪ್ಪನವರ ಫೋನು ಹೊಡೆದುಕೊಂಡಿತು. ಕೇಳಿಸಿಕೊಂಡವರ ಮುಖ ಬಿಳಿಚಿತು.

"ಬ್ರೇಕ್ ಇಲ್ವಂತೆ!"

"ಯಾರು ಹೇಳಿದ್ದು? ಇದೆ!" ಎಂದ ಶಾಂತರಾಜ.

"ಇದ್ರೆ ಹಾಕಿ ತೋರ್ಸಿ!" ಎಂದು ವಿಶಾಲಮ್ಮ ಕಿರುಚಿದರು.

"ಈಗ ಹಾಕಲ್ಲ!"

ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ. ವಿಶಾಲಮ್ಮ ಬಾಳೆಎಲೆಯ ಕಟ್ಟನ್ನು ಎದೆಗವಚಿಕೊಂಡು ಕಂಡಕಂಡ ದೇವರಿಗೆಲ್ಲ ಹರಕೆ ಹೇಳತೊಡಗಿದರು. ಸೀತಾರಾಮಪ್ಪ ಫೋನಿನಲ್ಲೇ ಹೆಂಡತಿಗೆ ಬೀರುವಿನ ಕೀಲಿ ಇರುವ ಜಾಗ ತಿಳಿಸಿದರು.

ತಿರುವು ಕಳೆದರೆ ರಸ್ತೆಗೆ ಅಡ್ಡಲಾಗಿ ಆಳೆತ್ತರದ ಹುಲ್ಲಿನ ರಾಶಿ. ಆಚೆಗೊಂದು ಬಸ್ಸು, ಸುತ್ತ ಐವತ್ತು ಜನ. ಅದೇ ಗಳಿಗೆಗೆ ಹಳದಿ ದೀಪ ಆರಿತು. ಶಾಂತರಾಜ ಸಂತೋಷದಿಂದ ಬ್ರೇಕು ತುಳಿದ. ಕಾರು ಸರಿಯಾಗಿಯೇ ನಿಧಾನಿಸಿ, ಕರುವಿನಂತೆ ಹುಲ್ಲಿಗೆ ಮೂತಿಯಿಟ್ಟು ನಿಂತಿತು.

ಜನ ಹೋ ಎಂದು ಕೂಗಿದರು. "ಹುಲ್ಲು ಹಾಕಿದ್ದಕ್ಕೆ ಉಳ್ಕೊಂಡ್ರು!" ಎಂದು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಯಾರೋ ನೀರು ತಂದರು, ಯಾರೋ ಮಜ್ಜಿಗೆ ತಂದರು.

"ಬ್ರೇಕ್ ಸರಿಯಾಗೇ ಇದೆ" ಎಂದ ಶಾಂತರಾಜ.

ತಬ್ಬಿಕೊಂಡಿದ್ದವರು ಕೈ ಬಿಟ್ಟರು.

"ಹಂಗಾದ್ರೆ," ಎಂದರು ಸೀತಾರಾಮಪ್ಪ ನಿಧಾನವಾಗಿ, "ನನ್ ತಮ್ಮ ಕೈ ಎತ್ತಿ ನಿಂತಿದ್ದು ಕಂಡೂ ಬೇಕಂತ್ಲೇ ನಿಲ್ಲಿಸ್ಲಿಲ್ವಾ ನೀವು?"

ಐವತ್ತು ಜನ ಉತ್ತರಕ್ಕೆ ಕಾದರು. ಮನೆಯ ಹುಲ್ಲನ್ನೆಲ್ಲ ರಸ್ತೆಗೆ ತಂದು ಸುರಿದವನು ಮಜ್ಜಿಗೆಯ ಲೋಟ ಹಿಂದಕ್ಕೆ ತೆಗೆದುಕೊಂಡ. ಶಾಂತರಾಜ ಇನ್ನೂ ಹೊಸನಗರದಲ್ಲಿ ಬಾಳಬೇಕಿತ್ತು, ಇದೇ ಜನಕ್ಕೆ ಪೆನ್ನು ಪುಸ್ತಕ ಮಾರಬೇಕಿತ್ತು.

"ಇಲ್ಲ... ಹೋಗಿತ್ತು. ಪೂರ್ತಿ ಹೋಗಿತ್ತು. ಗಾಬರೀಲಿ ಏನೋ ಅಂದೆ" ಎಂದ.

ಜನಕ್ಕೆ ಹೋದ ಜೀವ ಬಂತು. ಮಜ್ಜಿಗೆಯೂ ವಾಪಸ್ಸು ಬಂತು. ಆಗ ಗುಂಪಿನಿಂದ ತಲೆತುಂಬ ಹುಲ್ಲು ಮೆತ್ತಿಕೊಂಡಿದ್ದ ಒಬ್ಬ ಮುಂದೆ ಬಂದ. ವಿಮಲ್! ಬೆಳಗಿನ ರೈಲಿಗೇ ಬಂದಿಳಿದು ಹೊಸನಗರದ ಬಸ್ಸು ಹತ್ತಿದ್ದನಂತೆ. ದಾರಿಯಲ್ಲಿ ಬಸ್ಸು ನಿಲ್ಲಿಸಿ, ಯಾರದೋ ಜೀವ ಉಳಿಸಬೇಕೆಂದಾಗ ಹುಲ್ಲು ಹೊತ್ತವರಲ್ಲಿ ಅವನೂ ಒಬ್ಬ.

"ಭಾವ, ನೋಡಿ," ಶಾಂತರಾಜ ಆತುರದಿಂದ ಕಾರಿನೊಳಗೆ ಬೆರಳು ತೋರಿಸಿದ, "ಮಸಿಯ ದೀಪ ಹತ್ತಿತ್ತು. ಆರಿಸಿದೀನಿ."

"ಅದಾ?" ವಿಮಲ್ ತಲೆಯ ಹುಲ್ಲು ಕೊಡವಿಕೊಂಡ. "ಅದು ನನಗೂ ಆಗಾಗ ಹತ್ತೋದೇ. ಶಿವಮೊಗ್ಗದಲ್ಲಿ ಕೊಟ್ರೆ ನಿಂತಲ್ಲೇ ಮೆಷಿನ್ ಹಾಕಿ ಸುಟ್ಟು ಕೊಡ್ತಾರೆ, ನಾವು ಪೇಪರ್ ಓದ್ತಾ ಕೂತಿದ್ರಾಯ್ತು. ಅಷ್ಟಕ್ಕೆಲ್ಲ ನಾನು ಕಾರು ಕೊಡಲ್ಲ ಅಂತಿದ್ನಾ ಭಾವ? ಆದ್ರೆ ಬ್ರೇಕು ಪೂರ್ತಿ ಹೋಗೋವರೆಗೂ ನೋಡ್ದೇ ಇರೋರ ಕೈಗೆ ಹೆಂಗೆ ಬಿಡ್ಲಿ? ಬ್ರೇಕು ರಿಪೇರಿ ಮಾಡಿಸಿ ಕಾರು ನಾನೇ ತಗೊಂಡು ಹೋಗ್ತೀನಿ. ಬೇಜಾರು ಮಾಡ್ಕೋಬೇಡಿ."

ಶಾಂತರಾಜ ಬಾಯಿ ತೆರೆದ. ಐವತ್ತು ಜನರೂ ಸೀತಾರಾಮಪ್ಪನವರೂ ಅವನ ಬಾಯನ್ನೇ ನೋಡುತ್ತಿದ್ದರು.

"ತಪ್ಪಾಯ್ತು ಭಾವ" ಎಂದು ಹೇಳಿ, ಅವನು ಬಸ್ಸು ಹತ್ತಿದ.