ಸಹಾಯಕರ ಸಹಿ

ಬೆಂಗಳೂರಿನಲ್ಲಿ ಒಂಟಿ ಗಂಡಸು ಏನು ಬೇಕಾದರೂ ಮಾಡಬಹುದು, ಹಗಲು ಹೊತ್ತಿನಲ್ಲಿ ಬಾಗಿಲು ಹಾಕಿಕೊಳ್ಳುವುದೊಂದನ್ನು ಬಿಟ್ಟು. ಅನುಭವದ ಮಾತು ಹೇಳುತ್ತಿದ್ದೇನೆ. ನಾನು ದಿನಕ್ಕೆ ನಾಲ್ಕು ಸಲ, ಪ್ರತಿ ಸಲ ಮುಕ್ಕಾಲು ಗಂಟೆ, ಕಿಟಕಿ ಬಾಗಿಲು ಭದ್ರಪಡಿಸಿ, ಫ್ಯಾನು ಆರಿಸಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂರುತ್ತಿದ್ದ ಮನುಷ್ಯ. ಕಳ್ಳತನಕ್ಕಲ್ಲ, ತಪಸ್ಸಿಗೂ ಅಲ್ಲ. ನನ್ನ ಎರಡೂ ಕಿಡ್ನಿಗಳು ಒಂದು ಮಾತೂ ಹೇಳದೆ ಸ್ವಯಂನಿವೃತ್ತಿ ತೆಗೆದುಕೊಂಡಿದ್ದವು. ನನಗಾಗ ನಲವತ್ತೇಳು. ಅವುಗಳ ಕೆಲಸವೂ ನನ್ನ ತಲೆಗೇ ಬಂತು.

ಕೆಲಸವೇನೋ ಕೇಳುವುದಕ್ಕೆ ಸುಲಭ. ಹೊಟ್ಟೆಗೆ ಒಂದು ಸಣ್ಣ ಕೊಳವೆ ಇಟ್ಟಿದ್ದರು. ಒಳಗಿರುವ ಹಳೆಯ ನೀರನ್ನು ಕೆಳಗಿಟ್ಟ ಚೀಲಕ್ಕೆ ಇಳಿಸಬೇಕು, ಕ್ಯಾಲೆಂಡರಿನ ಮೊಳೆಗೆ ನೇತುಹಾಕಿದ ಹೊಸ ಚೀಲದಿಂದ ಎರಡು ಲೀಟರ್ ಔಷಧಿ ನೀರನ್ನು ಒಳಗೆ ಬಿಟ್ಟುಕೊಳ್ಳಬೇಕು. ಅದು ಕೆಲವು ಗಂಟೆ ಹೊಟ್ಟೆಯಲ್ಲಿದ್ದು ರಕ್ತದ ಕಶ್ಮಲವನ್ನು ಎಳೆದುಕೊಳ್ಳುತ್ತದೆ. ಆಮೇಲೆ ಮತ್ತೆ ಅದೇ. ಕೊಳವೆ ಜೋಡಿಸುವಾಗ ಬೆರಳು ತಪ್ಪಿ ತುದಿಗೆ ತಾಗಿದರೆ ಸೋಂಕು, ಸೋಂಕಾದರೆ ಪ್ರಾಣಕ್ಕೇ ಸಂಚಕಾರ. ಹೊರಬಂದ ನೀರು ತಿಳಿಯಾಗಿರಬೇಕು. ಚೀಲದ ಹಿಂದೆ ದಿನಪತ್ರಿಕೆ ಹಿಡಿದರೆ ಅಕ್ಷರ ಓದಲು ಬರಬೇಕು. ಹಾಗಾಗಿ ಆ ಕಾಲದ ರಾಜಕೀಯವನ್ನೆಲ್ಲ ನಾನು ನನ್ನ ಹೊಟ್ಟೆಯ ನೀರಿನ ಮೂಲಕವೇ ಓದಿದ್ದೇನೆ. ನೀರು ತಿಳಿಯಾಗಿರುತ್ತಿತ್ತು, ಸುದ್ದಿಯ ಬಗ್ಗೆ ಆ ಮಾತು ಹೇಳಲಾರೆ.

ಇಷ್ಟನ್ನೂ ನೆಮ್ಮದಿಯಾಗಿ ಮಾಡಲು ನಮ್ಮ ದಾಸರಹಳ್ಳಿ ಬಿಟ್ಟರೆ ತಾನೆ? ಮನೆಯೊಡತಿ ಗೌರಮ್ಮ ಅದೇ ಊರಿನ ಹಳಬರು, ತಮ್ಮ ರಾಗಿ ಹೊಲದಲ್ಲಿ ನಾಲ್ಕು ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟವರು. ಬಾಗಿಲು ಹಾಕಿದ್ದರೆ ತಟ್ಟಬೇಕು, ತೆಗೆಯದಿದ್ದರೆ ಇನ್ನೂ ಜೋರಾಗಿ ತಟ್ಟಬೇಕು ಎನ್ನುವುದು ಅವರ ಧರ್ಮ. ನಾನು ಕೊಳವೆ ಕೈಯಲ್ಲಿ ಹಿಡಿದು ಉಸಿರು ಬಿಗಿಹಿಡಿದ ಕ್ಷಣಕ್ಕೇ ಅವರಿಗೆ ನೀರಿನ ಮೋಟಾರಿನ ವಿಷಯ ನೆನಪಾಗುತ್ತಿತ್ತು. ಒಂದು ದಿನ ಅಟ್ಟದ ಮೇಲಿದ್ದ ಪ್ಲಾಸ್ಟಿಕ್ ಚೀಲಗಳನ್ನು ನೋಡಿಬಿಟ್ಟರು. ಗಲ್ಲಿಗಲ್ಲಿಯಲ್ಲಿ ಸಾರಾಯಿ ಪಾಕೀಟು ಮಾರುತ್ತಿದ್ದ ಕಾಲ ಅದು.

"ಸಾರ್, ಕ್ವಾಪ ಮಾಡ್ಕಬ್ಯಾಡಿ. ನಮ್ಮೆಜಮಾನ್ರೂ ಪಾಕೀಟು ಕುಡ್ದೇ ಓಗಿದ್ದು," ಎಂದರು ಕಣ್ಣೊರೆಸಿಕೊಳ್ಳುತ್ತಾ. "ಆದ್ರೆ ಅವ್ರು ಚಿಕ್ ಪಾಕೀಟು ಕುಡೀತಿದ್ರು. ನೀವು ಇಂಗೆ ಎಲ್ಡೆಲ್ಡು ಲೀಟ್ರು..."

"ಅದು ಔಷಧಿ ಗೌರಮ್ಮ."

"ಅವ್ರೂ ಅಂಗೇ ಯೋಳ್ತಿದ್ರು."

ಕೊನೆಗೆ ಅಂಗಿ ಎತ್ತಿ ಕೊಳವೆ ತೋರಿಸಿದೆ. ಲೊಚಗುಟ್ಟಿ ಗಲ್ಲ ಬಡಿದುಕೊಂಡು ಹೋದವರು ಮಾರನೆಯ ದಿನದಿಂದ ಬಾರ್ಲಿ ನೀರು ತರಲು ಶುರು ಮಾಡಿದರು. ನನಗೆ ದಿನಕ್ಕೆ ಇಷ್ಟೇ ಲೋಟ ನೀರು ಎಂದು ಡಾಕ್ಟರಮ್ಮ ಕಟ್ಟಪ್ಪಣೆ ಮಾಡಿದ್ದರು. ಗೌರಮ್ಮನ ಬಾರ್ಲಿ ನೀರನ್ನು ದಿನವೂ ಕುಡಿದದ್ದು ಹಿತ್ತಲಿನ ನುಗ್ಗೆಮರ.

ನನ್ನ ನಿಜವಾದ ತಲೆನೋವು ಇದ್ದದ್ದು ಒಂದು ಪುಸ್ತಕದಲ್ಲಿ. ಆಸ್ಪತ್ರೆಯವರು ಕೊಟ್ಟ ಆ ಪುಸ್ತಕದಲ್ಲಿ ಪ್ರತಿ ಸಲದ ಲೆಕ್ಕ ಬರೆದು ಎದುರಿಗೆ ಎರಡು ಸಹಿ ಹಾಕಬೇಕು: ರೋಗಿಯದು, ಸಹಾಯಕರದು. ಮನೆಯಲ್ಲಿ ಇದನ್ನೆಲ್ಲ ಮಾಡಿಕೊಳ್ಳಬೇಕಾದರೆ ಜೊತೆಗೊಬ್ಬರು ಇರಲೇಬೇಕು. ಇಲ್ಲದಿದ್ದರೆ ವಾರಕ್ಕೆ ಮೂರು ದಿನ ನಗರದ ಆ ತುದಿಗೆ ಹೋಗಿ ಆಸ್ಪತ್ರೆಯ ಯಂತ್ರದ ಪಕ್ಕ ಮಲಗಬೇಕು. ವಾರಕ್ಕೆ ಮೂರು ದಿನ ಬರದವನನ್ನು ಪೀಣ್ಯದ ಯಾವ ಕಾರ್ಖಾನೆ ಇಟ್ಟುಕೊಳ್ಳುತ್ತದೆ? ಪಂಪಿನ ಬಿಡಿಭಾಗ ಮಾಡುವ ನಮ್ಮ ಕಾರ್ಖಾನೆಯಲ್ಲಿ ನಾನು ತಪಾಸಣೆಯ ಮೇಲ್ವಿಚಾರಕ. ಮಧ್ಯಾಹ್ನ ನೀರು ಬದಲಾಯಿಸಲೆಂದು ಮಾಲೀಕರು ಅಳತೆ ಉಪಕರಣಗಳ ಕೋಣೆಯನ್ನೇ ಬಿಟ್ಟುಕೊಟ್ಟಿದ್ದರು. ಪೀಣ್ಯದಲ್ಲಿ ಧೂಳಿಲ್ಲದ ಜಾಗ ಎಂದರೆ ಅದೊಂದೇ. ಆ ಕೆಲಸ ಹೋದರೆ ನನ್ನಲ್ಲಿ ಉಳಿಯುವುದು ರೋಗ ಮಾತ್ರ ಎಂದು ನನಗೆ ಭಯವಿತ್ತು.

ಮೊದಲು ನನ್ನ ಅಕ್ಕ ಶಾಂತಕ್ಕ ದಾವಣಗೆರೆಯಿಂದ ಬಂದು ಆಸ್ಪತ್ರೆಯಲ್ಲಿ ಎಲ್ಲವನ್ನೂ ಕಲಿತಳು. ಒಂದು ವಾರ ಕಳೆಯುವಷ್ಟರಲ್ಲಿ, ಪುಸ್ತಕದಲ್ಲಿ ಇನ್ನೂ ಒಂದು ಸಾಲೂ ಬರೆಯುವ ಮೊದಲೇ, ಮಗಳ ಬಾಣಂತನ ಎಂದು ಊರಿಗೆ ಹೋದಳು. ಬಾಣಂತನವೆಂದರೆ ಗೊತ್ತಲ್ಲ, ಮಗು ನಡೆದಾಡುವ ತನಕ. ನಾನು ಅಕ್ಕನಿಗೆ ಫೋನಿನಲ್ಲಿ "ಫ್ಯಾಕ್ಟರಿಯವರೊಬ್ಬರು ಬರ್ತಾರೆ" ಎಂದೆ. ಡಾಕ್ಟರಿಗೆ "ಅಕ್ಕ ಇದ್ದಾಳೆ" ಎಂದೆ. ಸಹಾಯಕರ ಸಹಿಯನ್ನು ನಾನೇ ಹಾಕಿದೆ.

ಸುಳ್ಳು ತಪಾಸಣೆ ವರದಿಗಳನ್ನು ಹಿಡಿಯುವುದೇ ನನ್ನ ಹೊಟ್ಟೆಪಾಡು ಎನ್ನುವುದು ಇಲ್ಲಿ ಗಮನಿಸಬೇಕಾದ ಸಂಗತಿ. ವರದಿ ಬರೆಯುವವರು ಎಲ್ಲಿ ಎಡವುತ್ತಾರೆಂದು ನನಗೆ ಚೆನ್ನಾಗಿ ಗೊತ್ತು: ಇಡೀ ಹಾಳೆ ಒಂದೇ ಪೆನ್ನು, ಒಂದೇ ಓರೆ, ಎಲ್ಲೂ ಒಂದು ಕಲೆಯಿಲ್ಲ. ನಾನು ಅಂಥ ದಡ್ಡನಲ್ಲ. ಅಕ್ಕನಿಗೆಂದೇ ಹಸಿರು ಶಾಯಿಯ ಪೆನ್ನು ತಂದೆ. ಹಬ್ಬದ ದಿನಗಳಲ್ಲಿ ಅವಳ ಸಹಿ ಅವಸರದಲ್ಲಿರುತ್ತಿತ್ತು, ಅಲ್ಲಲ್ಲಿ ಅರಿಶಿನದ ಬೆರಳಿನ ಗುರುತೂ ಬೀಳುತ್ತಿತ್ತು. ಬರಬರುತ್ತಾ ಈ ಹಸಿರು ಅಕ್ಕ ಬಹಳ ಕಟ್ಟುನಿಟ್ಟಾದಳು. ಒಂದು ಬೆಳಿಗ್ಗೆ, ಲಿಂಗಪೂಜೆಗೆ ತೊಳೆದ ಕೈ ತಾನೆ, ಮತ್ತೇಕೆ ತೊಳೆಯುವುದು ಎಂದು ಚೀಲ ಕೈಗೆತ್ತಿಕೊಂಡೆ. ಪುಸ್ತಕದ ಕಡೆ ನೋಡಿದೆ. ಅವಳು ಸಹಿ ಹಾಕುವುದಿಲ್ಲ ಎನಿಸಿತು. ಗೊಣಗಿಕೊಂಡೇ ಎದ್ದು ಮೊಣಕೈತನಕ ತೊಳೆದು ಬಂದೆ, ಆಮೇಲೆ ಹಾಕಿದಳು.

ಎಂಟು ತಿಂಗಳು ಕಳೆದ ಮೇಲೆ ಡಾಕ್ಟರು ಪುಸ್ತಕ ತಿರುವಿ ಹಾಕಿ, "ನಿಮ್ಮಕ್ಕ ಗ್ರೇಟ್ ಸಾರ್! ಒಂದು ಇನ್ಫೆಕ್ಷನ್ ಇಲ್ಲ. ಮುಂದಿನ ಸಲ ಕರ್ಕೊಂಡ್ಬನ್ನಿ, ಹೊಸ ಪೇಷಂಟುಗಳ ಮನೆಯವರಿಗೆ ಸ್ವಲ್ಪ ಹೇಳಿಕೊಡ್ಲಿ," ಎಂದರು. ಹೆದರಿಕೆಗಿಂತ ಮೊದಲು ನನಗೆ ಹೊಟ್ಟೆಕಿಚ್ಚಾಯಿತು. ಕೈ ತೊಳೆದು ತೊಳೆದು ಚರ್ಮ ಸುಲಿದದ್ದು ನನ್ನದು, ಹೆಸರು ಬಂದದ್ದು ಅವಳಿಗೆ.

ಎಸ್‌ಟಿಡಿ ಬೂತಿಗೆ ಓಡಿದೆ. "ಯಾರೋ ಫ್ಯಾಕ್ಟರಿಯವ್ರು ಬರ್ತಾರ ಅಂದಿದ್ದೆಲ್ಲೋ!" ಎಂದು ಶಾಂತಕ್ಕ ಕೂಗಿದ್ದು ಬೂತಿನವನಿಗೂ ಕೇಳಿಸಿತು. "ಸುಳ್ಳು ಹೇಳಾಕ ನನ್ನ ಕೈಲಿ ಆಗಂಗಿಲ್ಲ."

"ಸುಳ್ಳು ಹೇಳಬೇಡ ಕಣಕ್ಕ. ಬರೀ ತಲೆ ಆಡಿಸು."

ಬಂದಳು. ಡಾಕ್ಟರು ಕೇಳಿದ್ದಕ್ಕೆಲ್ಲ ನಿಷ್ಠೆಯಿಂದ ತಲೆಯಾಡಿಸಿದಳು. "ನೀರು ಬಗ್ಗಡ ಆಗಿದ್ರೆ ಏನ್ ಮಾಡ್ತೀರಮ್ಮ?" ಎಂದಾಗಲೂ ಆಡಿಸಿದಳು. ಡಾಕ್ಟರು ಹುಬ್ಬು ಗಂಟಿಕ್ಕಿ, "ಸರಿ, ಇಲ್ಲೊಂದು ಸಹಿ ಹಾಕಿ," ಎಂದು ಪುಸ್ತಕ ಮುಂದೆ ತಳ್ಳಿದರು. ಶಾಂತಕ್ಕ ಪೆನ್ನು ತೆಗೆದುಕೊಂಡು, ನಾಲಿಗೆ ತುದಿ ಕಚ್ಚಿ, ಗುಂಡಗುಂಡಗೆ 'ಶಾಂತವ್ವ' ಎಂದು ಕನ್ನಡದಲ್ಲಿ ಬರೆದಳು. ಅದರ ಮೇಲೆ ಎಂಟು ತಿಂಗಳ ಉದ್ದಕ್ಕೂ ಇದ್ದದ್ದು ಇಂಗ್ಲಿಷಿನಲ್ಲಿ, ಬಾಲ ಸುತ್ತಿ ಕೆಳಗೆ ಗೆರೆ ಎಳೆದ 'ಎಸ್. ಶಾಂತಾ'. ಮಾದರಿ ತುಂಡನ್ನು ಪಕ್ಕದಲ್ಲಿಟ್ಟು ನೋಡದೆ ಒಂದು ವಾಷರನ್ನೂ ಪಾಸು ಮಾಡಬೇಡಿ ಎಂದು ದಿನವೂ ಗಂಟಲು ಹರಿದುಕೊಳ್ಳುವ ನಾನು, ಅಕ್ಕನ ಸಹಿ ಹೇಗಿರುತ್ತದೆಂದು ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಹಾಗಾದ್ರೆ ಇಷ್ಟು ದಿನ ಯಾರು ಮಾಡ್ತಿದ್ರು?" ಡಾಕ್ಟರ ದನಿ ತಣ್ಣಗಿತ್ತು.

ಕೆಲಸ ಹೋಯಿತು, ಇನ್ನು ಯಂತ್ರವೇ ಗತಿ ಎಂದುಕೊಂಡೆ. ಆದರೂ ಎಂಟು ತಿಂಗಳಿನಿಂದ ನುಂಗಿಕೊಂಡಿದ್ದ ಜಂಬ ತಡೆಯಲಾಗಲಿಲ್ಲ. "ನಾನೇ ಮೇಡಂ. ಒಬ್ಬನೇ," ಎಂದೆ ಎದೆ ಮುಂದೆ ಮಾಡಿ. ಶಾಂತಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು.

ಡಾಕ್ಟರು ನನ್ನನ್ನು ಹಿಗ್ಗಾಮುಗ್ಗಾ ಬೈದರು. ರಾತ್ರಿ ಜ್ವರ ಬಂದು ಬಿದ್ದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು ಎಂದು ಕೇಳಿದರು. ಆಮೇಲೆ ಪುಸ್ತಕವನ್ನು ಮತ್ತೊಮ್ಮೆ ಮೊದಲಿಂದ ನೋಡಿ, ಒಬ್ಬನೇ ಮಾಡಿಕೊಳ್ಳಬಹುದು, ಆದರೆ ಪ್ರತಿ ಸೋಮವಾರ ವಾರ್ಡಿಗೆ ಫೋನ್ ಮಾಡಬೇಕು, ಮನೆಯ ಇನ್ನೊಂದು ಬೀಗದ ಕೈ ಗೌರಮ್ಮನ ಹತ್ತಿರ ಇರಬೇಕು ಎಂದು ಷರತ್ತು ಹಾಕಿ, ಮುಂದಿನ ಪುಟಗಳಲ್ಲಿ ಸಹಾಯಕರ ಅಂಕಣದ ಮೇಲೆ ಕೆಂಪು ಗೀಟು ಎಳೆದರು. ನಾನು ಗೆದ್ದಿದ್ದೆ.

ಶಾಂತಕ್ಕ ನಾಲ್ಕು ದಿನ ಇದ್ದಳು. ಮೂಗಿಗೆ ಬಟ್ಟೆ ಕಟ್ಟದೆ ನುಗ್ಗಿದಳು, ಸೆಕೆ ಎಂದು ಫ್ಯಾನು ಹಾಕಿದಳು, ಕೊಳವೆ ಜೋಡಿಸುವ ಹೊತ್ತಿಗೆ ಬೀಗರ ಕಥೆ ತೆಗೆದಳು. ಇವಳಿಗಿಂತ ಆ ಹಸಿರು ಅಕ್ಕನೇ ವಾಸಿ ಎಂದು ಹಲ್ಲು ಕಡಿದುಕೊಂಡೆ. ಐದನೇ ಬೆಳಿಗ್ಗೆ ಅವಳನ್ನು ಬಸ್ಸು ಹತ್ತಿಸಿ ಬಂದು, ಬಾಗಿಲು ಹಾಕಿ, ನೀರು ಬದಲಾಯಿಸಿ, ಪುಸ್ತಕದಲ್ಲಿ ಲೆಕ್ಕ ಬರೆದು ನನ್ನ ಸಹಿ ಹಾಕಿದೆ. ಕೈ ತಾನಾಗಿ ಹಸಿರು ಪೆನ್ನಿಗೆ ಹೋಯಿತು. ಕೆಂಪು ಗೀಟು ಕಂಡು ಪೆನ್ನಿನ ಮುಚ್ಚಳ ಹಾಕಿ ಕೆಳಗಿಟ್ಟೆ. ಎಂಟು ತಿಂಗಳು ಒಬ್ಬನೇ ಮಾಡಿದೆ ಎಂದು ಡಾಕ್ಟರ ಮುಂದೆ ಎದೆಯುಬ್ಬಿಸಿ ಬಂದಿದ್ದೆ. ಒಬ್ಬನೇ ಮಾಡಿದ್ದು ಅವತ್ತೇ ಮೊದಲು.