ಟ್ಯಾಬಿಗೆ ಕಂಡ ಮೂರನೇ ಮುಖ

ಊರೂರು ತಿರುಗುವವರಿಗೆ ದೆವ್ವ ಕಾಣುವುದಿಲ್ಲ ಅಂತ ನಾನು ನಂಬಿದ್ದೆ. ನಿಂತಲ್ಲಿ ನಿಲ್ಲದವರನ್ನು ಅದಾದರೂ ಎಲ್ಲಿ ಅಂತ ಹುಡುಕೀತು? ಮಸ್ಕತ್ತು, ಲಂಡನ್ನು, ಮಾಲ್ಡೀವ್ಸಿನ ಅಂಗೈಯಗಲದ ಒಂದು ದ್ವೀಪ, ಎಲ್ಲ ಕಡೆ ನರ್ಸಾಗಿ ದುಡಿದೆ. ಎಲ್ಲೂ ಭೇಟಿಯಾಗಲಿಲ್ಲ. ಬೀದರಿಗೆ ಬಂದು ನರ್ಸಿಂಗ್ ಹುಡುಗಿಯರಿಗೆ ಪಾಠ ಹೇಳತೊಡಗಿದ್ದೇ ತಡ, ದೆವ್ವದ ಪ್ರಸಂಗಗಳು ಒಂದರ ಹಿಂದೊಂದು. ಅದೂ ಹುಣಸೆ ಮರದಿಂದಲ್ಲ, ಕಾಲೇಜು ಕೊಟ್ಟ ಟ್ಯಾಬಿನಿಂದ.

ಮಳೆ ಕೈಕೊಟ್ಟ ವರ್ಷಗಳವು. ಹಳ್ಳಿಗೆ ಹಳ್ಳಿಯೇ ಹೈದರಾಬಾದ್, ಪುಣೆ ಬಸ್ಸು ಹತ್ತಿತ್ತು. ನಮ್ಮ ಕಾಲೇಜು ಮಾತ್ರ ಹೊಸ ಕಾಲ ಹತ್ತಿತ್ತು: ದವಾಖಾನೆಯಲ್ಲಿ ತರಬೇತಿಗಿರುವ ಹುಡುಗಿಯರ ಪರೀಕ್ಷೆಯೆಲ್ಲ ಟ್ಯಾಬಿನಲ್ಲಿ. ಹುಡುಗಿ ಬಿಪಿ ನೋಡಿದಳೆನ್ನಿ. ರೋಗಿಯ ಜೊತೆ ಅವಳ ಫೋಟೋ ತೆಗೆಯಬೇಕು. ಟ್ಯಾಬು ಒಂದೊಂದು ಮುಖಕ್ಕೂ ಹಳದಿ ಚೌಕ ಹಾಕಿ ಎಣಿಸುತ್ತದೆ. ಎರಡೇ ಇದ್ದರೆ ನಾನು ಹೆಬ್ಬೆಟ್ಟು ಒತ್ತುತ್ತೇನೆ, ಪಾಸು. ಹೆಚ್ಚಿಗೆ ಇದ್ದರೆ ಯಾರೋ ಪಕ್ಕದಲ್ಲಿ ನಿಂತು ಹೇಳಿಕೊಟ್ಟಿದ್ದಾರೆಂದು ಅರ್ಥ, ಫೇಲು. ಇದನ್ನೆಲ್ಲ ಅದು ಬೆಂಗಳೂರು ಕನ್ನಡದಲ್ಲಿ, ತಣ್ಣನೆಯ ಹೆಣ್ಣು ದನಿಯಲ್ಲಿ ಹೇಳುತ್ತಿತ್ತು.

ಈ ಪ್ರಸಂಗಗಳೆಲ್ಲ ಒಬ್ಬಳೇ ಹುಡುಗಿಯವು. ಔರಾದ್ ತಾಲ್ಲೂಕಿನ ಚಿಂತಾಕಿಯವಳು. ಮನೆಯವರು ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕಿದ್ದರು. ಅಪ್ಪ ಫೋನಿನಲ್ಲಿ ಹೇಳಿದ್ದನಂತೆ: "ಪಾಸಾದ್ರ ನರ್ಸ್ ಆಗು. ಇಲ್ಲಂದ್ರ ಇಟ್ಟಂಗಿ ಹೊರಾಕ ಬಾ. ಇಲ್ಲಿ ಯಾರೂ ಫೋಟೋ ಕೇಳಂಗಿಲ್ಲ."

೧. ಬೀದರ: ಹೊರಗೆ ಹೋಗದವನು

ಹೆಂಗಸರ ವಾರ್ಡಿನ ಮೂಲೆ ಮಂಚ. ಹುಡುಗಿ ಮುದುಕಿಯೊಬ್ಬಳ ಬಿಪಿ ನೋಡಿ ಪಕ್ಕಕ್ಕೆ ನಿಂತಳು. ನಾನು ಟ್ಯಾಬು ಹಿಡಿದೆ.

"ಮೂರು ಮುಖಗಳು ಸಿಕ್ಕಿವೆ. ಹೆಚ್ಚಿನವರು ದಯವಿಟ್ಟು ಹೊರಗೆ ಹೋಗಿ."

ಮುದುಕಿಯ ಮುಖಕ್ಕೊಂದು ಚೌಕ, ಹುಡುಗಿಯ ಮುಖಕ್ಕೊಂದು. ಮೂರನೆಯದು ಹುಡುಗಿಯ ಹೆಗಲ ಹಿಂದೆ, ತಲೆಗಿಂತ ತುಸು ಎತ್ತರಕ್ಕೆ, ಬರೀ ಸುಣ್ಣದ ಗೋಡೆಯ ಮೇಲೆ. ಅದು ಸುಮ್ಮನೆ ನಿಂತಿರಲಿಲ್ಲ. ಬಗ್ಗಿ ನೋಡುವವರ ಹಾಗೆ ಮೆಲ್ಲಗೆ ಅತ್ತಿತ್ತ ಅಲುಗುತ್ತಿತ್ತು.

"ಯಾರಿಗ್ರಿ ಅದು ಹೊರಗ ಹೋಗು ಅನ್ನೋದು?" ಮುದುಕಿ ಕೇಳಿದಳು.

"ಯಾರೂ ಇಲ್ಲವ್ವಾ. ಗ್ವಾಡಿ ಅದ," ಅಂದೆ.

ಮುದುಕಿ ತಿರುಗಿಯೂ ನೋಡಲಿಲ್ಲ. "ನನ್ನ ಗಂಡ ಇರಬೇಕು ಬಿಡ್ರಿ. ಬದುಕಿದ್ದಾಗೂ ಅಂವಾ ಹೇಳಿದ ಕೂಡ್ಲೆ ಎಂದೂ ಹೊರಗ ಹೋದಾವಲ್ಲ."

೨. ಭಾಲ್ಕಿ: ಸಹಿ

ಮುಂದಿನ ತರಬೇತಿ ಭಾಲ್ಕಿಯಲ್ಲಿ. ಕಾಲು ಮುರಿದ ಟೆಂಪೊ ಡ್ರೈವರನ ಜೊತೆ ಫೋಟೋ: ಮೂರು. ಸೆರಗಿನಿಂದ ಕ್ಯಾಮೆರಾ ಒರೆಸಿದೆ: ಮೂರು. ಗೋಡೆ ಬದಲಿಸಿ, ಕೊನೆಗೆ ಬೇರೆ ಟ್ಯಾಬನ್ನೇ ತಂದೆ. ಬೇರೆಯವರು ನಿಂತರೆ ಎರಡು, ಇವಳು ನಿಂತರೆ ಮೂರು. ಚೌಕ ಯಾವಾಗಲೂ ಅದೇ ಜಾಗ, ಅವಳ ತಲೆಗಿಂತ ಒಂದು ಗೇಣು ಮೇಲೆ.

"ನಿಮ್ಮಜ್ಜಿ ಏನ?" ಅಂದೆ, ಧೈರ್ಯಕ್ಕೆ.

"ನಮ್ಮಜ್ಜಿ ಇಷ್ಟ ಎತ್ತರ ಇರಲಿಲ್ರಿ ಮೇಡಂ."

ಹಾಸ್ಟೆಲಿನಲ್ಲಿ ಉಳಿದ ಹುಡುಗಿಯರು ತಮ್ಮ ಮಂಚಗಳನ್ನು ಆಚೆ ಗೋಡೆಗೆ ಎಳೆದುಕೊಂಡರು. ಅಷ್ಟರಲ್ಲಿ ಕಾಲೇಜಿನ ಕ್ಲರ್ಕ್ ಫೋನ್ ಮಾಡಿದ.

"ಮೇಡಂ, ಆ ಹುಡುಗಿ ಜೋಡಿ ಮೂರನೇದವರು ಯಾರ್ರಿ? ಹೆಸರು, ಆಧಾರ್ ಕಳಸ್ರಿ. ಇಲ್ಲಂದ್ರ ಆಕೀ ವರ್ಷ ಹ್ವಾದಂಗ."

"ಅಲ್ಲಿ ಯಾರೂ ಇಲ್ರಿ."

"ಹಂಗಾದ್ರ 'ನಾ ಅಲ್ಲಿ ಇರಲಿಲ್ಲ' ಅಂತ ಅವರ ಸಹಿ ತಗೊಂಡ ಬರ್ರಿ!"

೩. ಭಾಲ್ಕಿ: ಸಿಗದ ಕೈ

ಒಂದು ಮಧ್ಯಾಹ್ನ ಖಾಲಿ ಕೋಣೆಯಲ್ಲಿ ಅವಳೊಬ್ಬಳನ್ನೇ ನಿಲ್ಲಿಸಿ ಟ್ಯಾಬು ಹಿಡಿದೆ.

"ಎರಡು ಮುಖಗಳು ಸಿಕ್ಕಿವೆ. ಧನ್ಯವಾದ."

ಹುಡುಗಿಗೆ ಅಳು ಬರಬೇಕಿತ್ತು, ನಗು ಬಂತು. "ಮೇಡಂ, ಒಬ್ಬಾಕಿನ ನಿಂತ್ರ ಪಾಸ್ ಆಗ್ತೇನಿ ನೋಡ್ರಿ!"

"ಹಂಗಾದ್ರ ಅದರದ ಬಿಪಿ ನೋಡು," ಅಂದುಬಿಟ್ಟೆ.

ಪುಣ್ಯಾತ್ಗಿತ್ತಿ ನಿಜಕ್ಕೂ ಬಿಪಿ ಪಟ್ಟಿ ಬಿಚ್ಚಿ, ತನ್ನ ಹೆಗಲ ಪಕ್ಕದ ಗಾಳಿಯಲ್ಲಿ ಮೆಲ್ಲಗೆ ತಡವಿದಳು. ತಡವಿ ತಡವಿ ಹೇಳಿದಳು: "ಕೈ ಸಿಗವಲ್ದು ಮೇಡಂ. ಥಂಡಿ ಮಾತ್ರ ಅದ."

ಅವತ್ತು ಚಹಾ ಕುಡಿಯಲು ಹೊರಗೆ ಓಡಿದವರಲ್ಲಿ ಮೊದಲಿಗಳು ನಾನೇ.

೪. ಚಿಂತಾಕಿ: ಎತ್ತರದ ಕೂಸು

ಕಾಲೇಜಿನವರ ಕಾಲು ಹಿಡಿದದ್ದಕ್ಕೆ ಒಂದು ಅವಕಾಶ ಸಿಕ್ಕಿತು. ಕೊನೆಯ ಕೆಲಸ, ಅಂದರೆ ಈಗಷ್ಟೇ ಹುಟ್ಟಿದ ಕೂಸನ್ನು ಮನೆಗೇ ಹೋಗಿ ತಪಾಸಣೆ ಮಾಡುವುದನ್ನು, ಟ್ಯಾಬು ಒಪ್ಪಿದರೆ ಹಿಂದಿನದೆಲ್ಲ ಯಂತ್ರದ ತಪ್ಪು ಅಂತ ಬಿಡುತ್ತಾರೆ. ಒಪ್ಪದಿದ್ದರೆ ಇಟ್ಟಂಗಿ.

ಕೂಸಿದ್ದದ್ದು ಅವಳದೇ ಊರಿನಲ್ಲಿ. ಬಸ್ಸಿನಲ್ಲಿ ಟ್ಯಾಬು ಓದಿ ಹುಡುಗಿಯ ಮುಖ ಬಿಳಿಚಿತು. "ಮೇಡಂ, ಇದಕ್ಕ ಮೂರು ಮುಖ ಬೇಕಂತ. ತಾಯಿ, ಕೂಸು, ನಾನು. ನಾಕು ಬಂದ್ರ?"

ಚಿಂತಾಕಿಯ ಆ ಓಣಿಯಲ್ಲಿ ಬಾಗಿಲಿಗೆಲ್ಲ ಬೀಗ, ಬೀಗದ ಮುಂದೆ ಜಾಲಿ ಮುಳ್ಳು. ನಾಯಿಯೂ ಬೊಗಳಲಿಲ್ಲ. ನಡುದಾರಿಯಲ್ಲಿ ಚೀಲದೊಳಗಿನ ಟ್ಯಾಬು ತಾನಾಗಿಯೇ ಬಾಯಿಬಿಟ್ಟಿತು: "ದಯವಿಟ್ಟು ಸ್ವಲ್ಪ ಹತ್ತಿರ ಬನ್ನಿ."

ಇಬ್ಬರೂ ನಿಂತೆವು.

"ನೀವು ಮುಂದ ನಡೀರಿ ಮೇಡಂ."

"ನೀನ ನಡಿ. ಊರು ನಿಂದು."

ಬಾಣಂತಿ ಒಬ್ಬಳೇ ಇದ್ದಳು. ಅವಳ ತಾಯಿ ಟ್ಯಾಂಕರ್ ನೀರಿಗೆ ಹೋಗಿದ್ದಳು. ಹುಡುಗಿ ಕೂಸನ್ನು ತೂಗಿ, ಮೈಕಾವು ನೋಡಿ, ಹೊಕ್ಕಳು ನೋಡಿ, ಎದೆಹಾಲು ಹಿಡಿಸುವುದನ್ನು ತಾಯಿಗೆ ತೋರಿಸಿದಳು. ಒಂದು ತಪ್ಪಿಲ್ಲ. ನಾನು ಟ್ಯಾಬು ತೆಗೆದೆ. ಬಾಣಂತಿ ಗಬಕ್ಕನೆ ಕೂಸಿನ ಮುಖಕ್ಕೆ ಸೆರಗು ಹೊಚ್ಚಿದಳು.

"ಹೆಸರಿಡೋ ತನಕ ಕೂಸಿನ ಫೋಟೋ ಬ್ಯಾಡ್ರೆಕ್ಕಾ. ದಿಟ್ಟಿ ಆಗ್ತದ."

"ಅಕ್ಕಾ, ಒಂದ ಸಲ..." ಹುಡುಗಿ ಅಂಗಲಾಚಿದಳು. ಬಾಣಂತಿ ಜಗ್ಗಲಿಲ್ಲ. ಇನ್ನು ಎರಡೇ ಮುಖ ಉಳಿದವು. ಇವಳ ವರ್ಷ ಹೋಯಿತು ಅಂದುಕೊಂಡೇ ಒತ್ತಿದೆ.

"ಮೂರು ಮುಖಗಳು ಸಿಕ್ಕಿವೆ. ಧನ್ಯವಾದ."

ತಾಯಿಗೊಂದು ಚೌಕ, ಹುಡುಗಿಗೊಂದು. ಕೂಸಿನ ಸೆರಗಿನ ಮೇಲೆ ಏನೂ ಇಲ್ಲ. ಮೂರನೆಯದು ಹುಡುಗಿಯ ತಲೆಗಿಂತ ಒಂದು ಗೇಣು ಮೇಲೆ, ಮಣ್ಣಿನ ಗೋಡೆಗೆ. ಆವತ್ತು ಅದು ಅಲುಗಾಡದೆ, ಫೋಟೋಕ್ಕೆಂದೇ ಬಂದವರ ಹಾಗೆ ನೆಟ್ಟಗೆ ನಿಂತಿತ್ತು. ಮಾಡಿದ ಕೆಲಸ ನನ್ನ ಕಣ್ಣಾರೆ ಕಂಡಿದ್ದೆ, ಹೆಬ್ಬೆಟ್ಟು ಒತ್ತಿದೆ.

ಹುಡುಗಿ ಹೊಸ್ತಿಲಲ್ಲಿ ತಿರುಗಿ ಗೋಡೆಗೆ ಹೇಳಿದಳು: "ಇಷ್ಟ ದಿನ ಕಾಡಿದಿ, ಇವತ್ತ ಕೆಲಸಕ್ಕ ಬಂದಿ. ಹೋಗಿ ಬರ್ತೇನಿ."

ಬಾಣಂತಿ ಗೋಡೆ ನೋಡಿದಳು, ನಮ್ಮನ್ನು ನೋಡಿದಳು, ಕೂಸಿಗೆ ಇನ್ನೊಂದು ಸುತ್ತು ಸೆರಗು ಸುತ್ತಿದಳು.

ಮರುದಿನ ಕ್ಲರ್ಕ್ ಫೋಟೋ ಹಿಗ್ಗಿಸಿ ನೋಡಿದ. ಚೌಕ ಎಣಿಸಿದ. ಮೂರು ಬೇಕಿತ್ತು, ಮೂರು ಇದ್ದವು.

"ತಾಯಿ, ಹುಡುಗಿ... ಈ ಮ್ಯಾಲಿಂದು ಕೂಸೇನ್ರಿ? ಹೆಸರು?"

"ಇನ್ನೂ ಹೆಸರಿಟ್ಟಿಲ್ರಿ," ಅಂದೆ. ಸುಳ್ಳೇನಲ್ಲ.

ಅವನು 'ಪಾಸು' ಅಂತ ಠಸ್ಸೆ ಹೊಡೆದು, ತಲೆ ಕೊಡವಿದ.

"ಏನ್ ಮಂದಿ ಅದಾರ್ರಿ ಮೇಡಂ ಆ ಊರಾಗ! ಕೂಸು ತಾಯಿಗಿಂತ ಎತ್ತರ ಬೆಳದದ, ಇನ್ನಾ ಹೆಸರ ಇಟ್ಟಿಲ್ಲಂದ್ರ!"