ಹಿತ್ತಲಿನ ಕಣ್ಣಿನ ಶಿಬಿರಕ್ಕೆ ಹೊನ್ನಾಳಿ ದಾರಿ ತೋರಿಸಿದ ಮಹನೀಯರಿಗೆ

ಮೊಬೈಲಿನೊಳಗೆ ವಿರಾಜಮಾನರಾದ ಶ್ರೀ 'ಊರಮಿತ್ರ' ಆ್ಯಪ್ ಸಾಹೇಬರಿಗೆ,

ಮಾನ್ಯರೇ, ನ್ಯಾಮತಿಯಿಂದ ರುದ್ರಮುನಿ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಬ್ಯಾಟರಿ ಸದಾ ತುಂಬಿರಲಿ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಬಗ್ಗೆ ಹತ್ತಾರು ಇಲಾಖೆಗಳು ಹತ್ತಾರು ಮೂಲೆಗಳಲ್ಲಿ ಎಲ್ಲರಿಗೂ ಸಿಗಲೆಂದು ಬಿಸಾಕಿದ್ದ ಮಾಹಿತಿಯನ್ನೆಲ್ಲ ಹೆಕ್ಕಿ ತಂದು, ಒಂದೇ ಪಾತ್ರೆಯಲ್ಲಿ ಕಲಸಿ, ನಾಗರಿಕರ ಬಾಯಿಗೆ ತುತ್ತಿಡುತ್ತಿರುವ ತಮ್ಮ ಔದಾರ್ಯ ದೊಡ್ಡದು. ಆ ತುತ್ತು ಪಕ್ಕದ ಮನೆಯ ಸಿದ್ದಲಿಂಗಮ್ಮನವರ ಗಂಟಲಿಗೆ ಸಿಕ್ಕಿಕೊಂಡಿದೆ ಎಂಬುದಷ್ಟೇ ನನ್ನ ಅಲ್ಪ ದೂರು.

ಈ ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದಿದೆ. ಉಚಿತ ಶಿಬಿರ ಎಲ್ಲಿ ಎಂದು ಸೊಸೆ ಕಲ್ಪನಾ ತಮ್ಮನ್ನು ಕೇಳಿದಳು. ತಾವು ಹೊನ್ನಾಳಿಯ ಶಾಲೆಯೊಂದನ್ನು ತೋರಿಸಿದಿರಿ. ಆಪರೇಷನ್ ಆದಮೇಲೆ ಬಹಳ ದಿನ ತಲೆಗೆ ನೀರು ಸೋಕಿಸುವಂತಿಲ್ಲವೆಂದು ಅಜ್ಜಿ ನಸುಕಿನಲ್ಲೇ ಎಣ್ಣೆ ಹಚ್ಚಿ ಎರೆದುಕೊಂಡು, ಸೊಸೆಯ ಕೈ ಹಿಡಿದು ಬಸ್ ಹತ್ತಿದರು. ಹೋಗಿ ನೋಡಿದರೆ ಶಾಲೆಗೆ ಬೀಗ, ಬೀಗದ ಮುಂದೆ ಒಂದು ಎಮ್ಮೆ. ಅದರ ಕಣ್ಣು ಚೆನ್ನಾಗಿತ್ತಂತೆ.

ಶಿಬಿರ ನಡೆದದ್ದು ನ್ಯಾಮತಿಯಲ್ಲಿ, ಅಜ್ಜಿಯ ಹಿತ್ತಲಿಗೆ ಅಂಟಿಕೊಂಡ ಶಾಲೆಯಲ್ಲಿ. ಅವರು ಹೊರಟ ಮೇಲೆ ಆಟೋದವನು ಮೈಕಿನಲ್ಲಿ ಸಾರಿಕೊಂಡು ಬಂದ. ಅವರು ಮರಳುವಷ್ಟರಲ್ಲಿ ವೈದ್ಯರ ವ್ಯಾನು ಹೊರಟುಹೋಗಿತ್ತು. ಇನ್ನು ಬರುವುದು ಮುಂದಿನ ವರ್ಷವಂತೆ.

ವಿಚಾರಿಸಿದರೆ ತಮ್ಮ ತಪ್ಪೇನೂ ಇಲ್ಲ. ಶಿಬಿರದ ಪಟ್ಟಿ 'ನ್ಯಾಮತಿ, ತಾಲ್ಲೂಕು ಕೇಂದ್ರದ ಶಾಲೆ' ಎಂದಿತು; ಅದು ನಿಜ. ನಾವು ಹೊನ್ನಾಳಿ ತಾಲ್ಲೂಕಿನಿಂದ ಬೇರೆಯಾಗುವ ಮುಂಚಿನ ಇನ್ನೊಂದು ಪಟ್ಟಿ ನ್ಯಾಮತಿಯ ತಾಲ್ಲೂಕು ಕೇಂದ್ರ ಹೊನ್ನಾಳಿ ಎಂದಿತು. ಒಂದು ಕಾಲಕ್ಕೆ ಅದೂ ನಿಜ. ಎರಡು ನಿಜಗಳಿಗೆ ಮದುವೆ ಮಾಡಿಸಿ ತಾವು ಹುಟ್ಟಿಸಿದ ಕೂಸು ಮಾತ್ರ ಅಪ್ಪಟ ಸುಳ್ಳು. ಬೇರೆ ಒಲೆ ಹೂಡಿ, ಬೇರೆ ತಹಶೀಲ್ದಾರರನ್ನು ಪಡೆದು ಸುಖವಾಗಿದ್ದ ನಮ್ಮನ್ನು ಯಾವ ಪಂಚಾಯಿತಿಯನ್ನೂ ಸೇರಿಸದೆ ಮತ್ತೆ ಒಂದು ಮಾಡಿದಿರಿ. ದೊಡ್ಡವರು ಅಂದರೆ ತಾವು.

ಆದ್ದರಿಂದ ತಾವು ದಯಮಾಡಿ ನಮ್ಮ ಶಾಲೆಯನ್ನು ಗಂಟೆ ಸಮೇತ ಹೊನ್ನಾಳಿಗೆ ಸಾಗಿಸಬೇಕು. ಮುಂದಿನ ವರ್ಷದ ತನಕ ಅಜ್ಜಿಯ ಪೊರೆ ಬೆಳೆಯದಂತೆ ತಡೆಯಾಜ್ಞೆ ಹೊರಡಿಸಬೇಕು. ಚನ್ನಗಿರಿ, ಜಗಳೂರುಗಳಿಗೆ ಹೊಟ್ಟೆಕಿಚ್ಚಾಗದಂತೆ ಅವನ್ನೂ, ನಮ್ಮ ಜಿಲ್ಲೆ ಹೊಸದಾಗಿ ಹುಟ್ಟಿದಾಗ ಅವು ಬಿಟ್ಟುಬಂದ ಹಳೇ ಜಿಲ್ಲೆಗಳಿಗೆ ಮುಟ್ಟಿಸಬೇಕು. ಎರಡು ಪಟ್ಟಿ ಕೂಡಿಸುವ ಮುನ್ನ ಯಾವುದು ಯಾವ ಕಾಲದ್ದೆಂದು ಒಮ್ಮೆ ನೋಡಬಹುದಿತ್ತು, ನಿಜ; ಆದರೆ ಅಂಥ ಅಸಾಧ್ಯ ಬೇಡಿಕೆ ಇಡುವಷ್ಟು ಒರಟ ನಾನಲ್ಲ.

ತಾವು ತೋರಿಸದಿದ್ದರೂ ಮನೆ ಸೇರಿರುವ,
ತಮ್ಮ ವಿಶ್ವಾಸಿ,
ರುದ್ರಮುನಿ

ತಾ.ಕ.: 'ನಮ್ಮ ಸೇವೆ ಹೇಗಿತ್ತು? ನಕ್ಷತ್ರ ಒತ್ತಿ' ಎಂದು ತಾವು ಮರುದಿನ ಕೇಳಿದಿರಿ. ಕಲ್ಪನಾ ಮೊಬೈಲನ್ನು ಅತ್ತೆಯ ಮುಖದ ಹತ್ತಿರವೇ ಹಿಡಿದಳು. ಅವರು ಹೇಳಿದ್ದನ್ನು ಹಾಗೇ ಬರೆದಿದ್ದೇನೆ: "ಎಲ್ಲೈತವ್ವಾ ನಕ್ಷತ್ರ? ನಂಗೇನೂ ಕಾಣಂಗಿಲ್ಲ. ಕಣ್ಣು ಕಂಡ ಮ್ಯಾಲೆ ಒತ್ತೀನಿ, ಅಲ್ಲೀತನಕ ಆ ಹೊನ್ನಾಳಿ ಬೀಗದ ಮುಂದೆ ಎಮ್ಮೆ ಜತೆ ಕಾಯ್ತಾ ಕುಂತಿರ್ರಿ ಅಂತ ಹೇಳು."